ಬೆಳಕನ್ನು ಬೆಸೆಯುವ ಪೆಟ್ಟಿಗೆ

ಪುಣೆಯಿಂದ ಅಹಿಲ್ಯಾನಗರದ ಹೆದ್ದಾರಿ ಹಿಡಿದರೆ ಸುಮಾರು 50 ಕಿಲೋಮೀಟರ್‌ಗೆ ರಾಂಜಣಗಾಂವ. ಅಷ್ಟವಿನಾಯಕ ಯಾತ್ರೆ ಮಾಡಿದ ಕನ್ನಡಿಗರಿಗೆ ಇಲ್ಲಿನ ಮಹಾಗಣಪತಿ ಗೊತ್ತು. ದುಡಿಯಲು ಹೋದವರಿಗೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು ಗೊತ್ತು. ಹೆದ್ದಾರಿ ಬಿಟ್ಟು ಒಳಕ್ಕೆ ಹೋದರೆ ಕಬ್ಬು, ಈರುಳ್ಳಿ, ಎರೆಭೂಮಿ. ಇಂಥ ಊರಿನ ರಸ್ತೆಬದಿಯಲ್ಲಿ, ಕೇಬಲ್ ಗುಂಡಿಯ ಪಕ್ಕ, ಕೊಡೆಯ ನೆರಳಲ್ಲಿ ಒಬ್ಬ ಕುಳಿತು ಸಣ್ಣ ಪೆಟ್ಟಿಗೆಯೊಂದಕ್ಕೆ ದಾರಕ್ಕಿಂತ ತೆಳುವಾದ ಎಳೆಯನ್ನು ಕೂರಿಸುತ್ತಿದ್ದರೆ ಒಂದು ಗಳಿಗೆ ನಿಂತು ನೋಡಿ. ಹಳ್ಳಿಗೆ ಬ್ರಾಡ್‌ಬ್ಯಾಂಡ್ ಬರುವುದೂ, ಬಂದದ್ದು ಉಳಿಯುವುದೂ ಆ ಪೆಟ್ಟಿಗೆಯಿಂದ. ಅದು ಫ್ಯೂಷನ್ ಸ್ಪ್ಲೈಸರ್. ಕೆಲಸದವರ ಬಾಯಲ್ಲಿ 'ಸ್ಪ್ಲೈಸಿಂಗ್ ಮಷಿನ್'.

ಹಳೆಯ ಟೆಲಿಫೋನ್ ಕಾಲದಲ್ಲಿ ತಂತಿ ಹರಿದರೆ ಲೈನ್‌ಮನ್ ಬಂದು ಎರಡು ತುದಿಯ ಸಿಪ್ಪೆ ಸುಲಿದು, ತಿರುವಿ, ಟೇಪ್ ಸುತ್ತಿ ಹೋಗುತ್ತಿದ್ದ. ತಾಮ್ರಕ್ಕೆ ತಾಮ್ರ ತಗುಲಿದರೆ ಸಾಕಿತ್ತು. ಆಪ್ಟಿಕಲ್ ಫೈಬರ್ ಗಾಜು. ಅದರೊಳಗೆ ಓಡುವುದು ಬೆಳಕು. ಒಂದು ಎಳೆಯ ದಪ್ಪ 125 ಮೈಕ್ರಾನ್, ಅಂದರೆ ಕೂದಲಿಗಿಂತ ಕೊಂಚ ಹೆಚ್ಚು. ಅದರಲ್ಲಿ ಬೆಳಕಿನ ದಾರಿ ನಟ್ಟನಡುವಿನ ಸುಮಾರು 9 ಮೈಕ್ರಾನ್ ಮಾತ್ರ. ನಮ್ಮ ರಕ್ತದ ಒಂದು ಕೆಂಪು ಕಣದಷ್ಟು ಅಗಲ. ಬೆಸೆಯುವಾಗ ಈ ತಿರುಳು ಆ ತಿರುಳಿಗೆ ನೇರವಾಗಿ ಕೂರಬೇಕು. ಎರಡು ಮೂರು ಮೈಕ್ರಾನ್ ಸರಿದರೂ ಬೆಳಕು ಪಕ್ಕಕ್ಕೆ ಸೋರುತ್ತದೆ. ಯಾವ ಕಣ್ಣಿಗೂ ಕೈಗೂ ನಿಲುಕದ ಅಳತೆ ಇದು.

ಕೆಲಸ ನಡೆಯುವ ಬಗೆ ಹೀಗೆ. ಎಳೆಯ ಮೇಲಿನ ಪ್ಲಾಸ್ಟಿಕ್ ಲೇಪ ಕಿತ್ತು, ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸುತ್ತಾರೆ. ಒರೆಸಿದಾಗ ಕೀಚ್ ಎಂದರೆ ಸ್ವಚ್ಛವಾಯಿತೆಂದು ಅರ್ಥ. ಆಮೇಲೆ ಕ್ಲೀವರ್ ಎಂಬ ಉಪಕರಣ ಗಾಜಿನ ಮೇಲೆ ಒಂದು ಸಣ್ಣ ಗೀರು ಹಾಕಿ ಮುರಿಯುತ್ತದೆ. ಕತ್ತರಿಸುವುದಲ್ಲ, ಗೀರಿ ಮುರಿಯುವುದು. ಆಗಷ್ಟೇ ತುದಿ ಕನ್ನಡಿಯಂತೆ ಸಮತಟ್ಟಾಗುತ್ತದೆ. ಎರಡು ತುದಿಗಳನ್ನು ಯಂತ್ರದ ಎದುರುಬದುರು ಗಾಡಿಗಳಲ್ಲಿ ಕೂರಿಸಿ ಮುಚ್ಚಳ ಹಾಕಿದ ಮೇಲೆ ಮನುಷ್ಯನ ಪಾಲು ಮುಗಿಯಿತು. ಒಳಗಿನ ಕ್ಯಾಮೆರಾಗಳು ಎರಡು ದಿಕ್ಕಿನಿಂದ ನೋಡುತ್ತವೆ, ಪುಟ್ಟ ಮೋಟರುಗಳು ತಿರುಳಿಗೆ ತಿರುಳು ಹೊಂದಿಸುತ್ತವೆ. ಮೊದಲು ಕ್ಷಣಮಾತ್ರದ ಒಂದು ಕಿಡಿ ಧೂಳನ್ನು ಸುಡುತ್ತದೆ. ಮತ್ತೊಂದು ವಿದ್ಯುತ್ ಕಿಡಿ 1600 ಡಿಗ್ರಿಗೂ ಮೇಲೆ ಬಿಸಿಯೇರಿಸಿ ಗಾಜನ್ನು ಕರಗಿಸುತ್ತದೆ. ಅದೇ ಗಳಿಗೆಯಲ್ಲಿ ಮೋಟರು ತುದಿಗಳನ್ನು ಒಂದಕ್ಕೊಂದು ತಳ್ಳುತ್ತದೆ. ಕರಗಿದ ಗಾಜು ತನ್ನ ಮೇಲ್ಮೈ ಸೆಳೆತದಿಂದಲೇ ದುಂಡಗಾಗಿ, ಅಳಿದುಳಿದ ಓರೆಕೋರೆಯನ್ನು ತಾನೇ ತಿದ್ದಿಕೊಳ್ಳುತ್ತದೆ. ನನಗೆ ಇಡೀ ಯಂತ್ರದಲ್ಲಿ ಅತ್ಯಂತ ಸುಂದರವೆನಿಸುವುದು ಈ ಕ್ಷಣ. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪರದೆಯ ಮೇಲೆ ಅಂಕಿ ಬರುತ್ತದೆ: ನಷ್ಟ 0.02 ಡೆಸಿಬೆಲ್. ಅಂದರೆ ನೂರರಲ್ಲಿ ಅರ್ಧ ಪಾಲು ಬೆಳಕೂ ಸೋರಿಲ್ಲ.

ಇಷ್ಟು ನಾಜೂಕು ಏಕೆಂದರೆ ಗಾಜೇ ಅಷ್ಟು ಶುದ್ಧ. 1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್, ಒಂದು ಕಿಲೋಮೀಟರ್ ದಾಟಿದ ಮೇಲೆ ನೂರಕ್ಕೆ ಒಂದು ಪಾಲು ಬೆಳಕು ಉಳಿದರೂ ಗಾಜಿನ ಎಳೆಯಲ್ಲಿ ಸಂದೇಶ ಕಳಿಸಬಹುದು ಎಂದು ತೋರಿಸಿದರು. ಆ ಕೆಲಸಕ್ಕೆ ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಇಂದಿನ ಎಳೆಯಲ್ಲಿ ಬೆಳಕು ಅರ್ಧಕ್ಕಿಳಿಯಲು 15 ಕಿಲೋಮೀಟರ್ ಬೇಕು. ಅಂಥ ಗಾಜಿಗಾಗಿ ದೂರ ಹೋಗಬೇಕಿಲ್ಲ: ರಾಂಜಣಗಾಂವದ ಮುಂದಿನ ಇದೇ ದಾರಿ ತಲುಪುವ ಛತ್ರಪತಿ ಸಂಭಾಜಿನಗರದ ಬಳಿ, ವಾಳೂಜ್‌ನಲ್ಲಿ ಆಪ್ಟಿಕಲ್ ಫೈಬರ್ ಎಳೆಯುವ ಕಾರ್ಖಾನೆಯಿದೆ.

ಪುಣೆ ಜಿಲ್ಲೆಯ ಹೊಲಗಳಿಗೆ ಈ ಎಳೆ ಹೊಸದಲ್ಲ. ಜುನ್ನರ್ ತಾಲ್ಲೂಕಿನ ಖೋಡದದಲ್ಲಿ ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಎದ್ದ ದೈತ್ಯ ರೇಡಿಯೋ ದೂರದರ್ಶಕದ್ದು 45 ಮೀಟರ್ ಅಗಲದ 30 ತಟ್ಟೆಗಳು, ಸುಮಾರು 25 ಕಿಲೋಮೀಟರ್ ಹರವು. ದೂರದ ಗೆಲಾಕ್ಸಿಗಳಿಂದ ಪ್ರತಿ ತಟ್ಟೆ ಹಿಡಿದ ಸಂಕೇತ ನಡುಕೋಣೆಗೆ ಬರುವುದು ಆಪ್ಟಿಕಲ್ ಫೈಬರ್‌ನಲ್ಲೇ.

ಊರೊಳಗಿನ ಹಂಚಿಕೆ ಇನ್ನೂ ಸೊಗಸು. ಹಳ್ಳಿಯತ್ತ ಬರುವ ಒಂದೇ ಎಳೆ ಸ್ಪ್ಲಿಟರ್ ಎಂಬ ಬೆರಳುದ್ದದ ಗಾಜಿನ ಕವಲಿನಲ್ಲಿ 32 ಎಳೆಯಾಗುತ್ತದೆ. ಅದಕ್ಕೆ ಕರೆಂಟು ಬೇಡ, ಬ್ಯಾಟರಿ ಬೇಡ. ಬೆಳಕು ಐದು ಸಲ ಎರಡಾಗುತ್ತದೆ, ಅಷ್ಟೇ. ಅದೊಂದೇ 75 ಕಿಲೋಮೀಟರ್ ಕೇಬಲ್ ದಾಟಿದಷ್ಟು ನಷ್ಟ. ಕಳಿಸಿದ ಬೆಳಕಿನ ಆರುನೂರನೇ ಒಂದು ಪಾಲು ತಲುಪಿದರೂ ಮನೆಯ ಪೆಟ್ಟಿಗೆ ಓದಿಕೊಳ್ಳುತ್ತದೆ. ಆದರೆ ಹಿಂದಿರುಗುವಾಗ 32 ಮನೆಗಳ ಬೆಳಕು ಒಂದೇ ಎಳೆಗೆ ನುಗ್ಗಿದರೆ ಕಲಸುಮೇಲೋಗರ. ಅದಕ್ಕೆ ಕಾಲುವೆ ನೀರಿನಂತೆ ಪಾಳಿ ಇದೆ. ಗಾಜಿನಲ್ಲಿ ಬೆಳಕು ಒಂದು ಕಿಲೋಮೀಟರ್‌ಗೆ 5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. ಕೇಂದ್ರದ ಯಂತ್ರ ಪ್ರತಿ ಮನೆಯ ದೂರ ಅಳೆದು, ಹತ್ತಿರದವನಿಗೆ ಇಷ್ಟು ಕಾಯಿ, ದೂರದವನಿಗೆ ಈಗಲೇ ಹೊರಡು ಎಂದು ಹೇಳಿ, ಎಲ್ಲರ ಬೆಳಕೂ ಒಂದರ ಹಿಂದೊಂದು ಬರುವಂತೆ ನೋಡಿಕೊಳ್ಳುತ್ತದೆ. ಪಾಳಿಯ ಲೆಕ್ಕ ಸೆಕೆಂಡಿಗೆ 8000 ಸಲ ಮರಳಿ ಶುರುವಾಗುತ್ತದೆ.

ಇಷ್ಟೆಲ್ಲ ಜಾಣ್ಮೆ ಒಂದು ಸನಿಕೆ ಏಟಿಗೆ ನಿಂತುಹೋಗುತ್ತದೆ.

ಕೇಬಲನ್ನು ಸಾಧಾರಣ ಮಣ್ಣಿನಲ್ಲಿ 1.65 ಮೀಟರ್ ಆಳಕ್ಕೆ ಹೂಳಬೇಕೆಂಬುದು ನಿಯಮ. ಈ ಸೀಮೆಯ ನೆಲ ಕರಿಗಲ್ಲು. ರಾಂಜಣಗಾಂವದಿಂದ ದೂರವಲ್ಲದ ನಿಘೋಜದಲ್ಲಿ ಕುಕಡಿ ನದಿ ಆ ಕಲ್ಲಿನಲ್ಲಿ ಕೊರೆದ ರಂಜಣಿಗೆಯಂಥ ಕುಳಿಗಳನ್ನು ನೋಡಲು ಜನ ಹೋಗುತ್ತಾರೆ. ಬಂಡೆ ಸಿಕ್ಕಲ್ಲಿ ಆಳ ಕಡಿಮೆಯಾಗಿ, ಕಬ್ಬಿಣದ ಕೊಳವೆಯೋ ಕಾಂಕ್ರೀಟೋ ಕಾಪು ಕೊಡಬೇಕಾಗುತ್ತದೆ. ಆಮೇಲೆ ರಸ್ತೆ ಅಗಲ ಮಾಡುವವರು, ನೀರಿನ ಪೈಪ್ ಹಾಕುವವರು ಒಬ್ಬರಾದ ಮೇಲೊಬ್ಬರು ಅದೇ ರಸ್ತೆಯಂಚನ್ನು ಅಗೆಯುತ್ತಾರೆ. ಎಲ್ಲಿ ತುಂಡಾಯಿತೆಂದು ತಿಳಿಯಲು ಓಟಿಡಿಆರ್ ಎಂಬ ಉಪಕರಣ ಬೆಳಕಿನ ಮಿಡಿತ ಕಳಿಸಿ ಅದರ ಮಾರ್ದನಿ ಕೇಳುತ್ತದೆ; 100 ಮೈಕ್ರೋಸೆಕೆಂಡಿಗೆ ಮರಳಿದರೆ ತುಂಡು 10 ಕಿಲೋಮೀಟರ್ ಆಚೆ. ಅದು ಹೇಳುವುದು ಎಳೆಯ ಉದ್ದವನ್ನು, ನೆಲದ ಮೇಲಿನ ದೂರವನ್ನಲ್ಲ. ಪ್ರತಿ ಜಾಯಿಂಟಿನಲ್ಲಿ ಸುತ್ತಿ ಬಿಟ್ಟ ಹೆಚ್ಚುವರಿ ಕೇಬಲ್ಲಿನ ಲೆಕ್ಕ ಯಾರೂ ಬರೆದಿಡದಿದ್ದರೆ ರಿಪೇರಿಯವನು ತಪ್ಪು ಜಾಗ ಅಗೆಯುತ್ತಾನೆ.

ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟ, ಆಮೇಲೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಗುರಿ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳು. ಮೊದಲಿಗೆ ಹಾಕಿದ ಕೇಬಲ್ ಬಹುಪಾಲು ನೇರ ಸಾಲು: ಒಂದು ಕಡೆ ತುಂಡಾದರೆ ಅದರಾಚೆಯ ಊರುಗಳೆಲ್ಲ ಕತ್ತಲು. 2023ರ ಆಗಸ್ಟ್‌ನಲ್ಲಿ ಒಪ್ಪಿಗೆಯಾದ 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆ ಸಾಲನ್ನು ಉಂಗುರವಾಗಿಸುತ್ತದೆ; ಒಂದು ಬದಿ ಹೋದರೆ ಬೆಳಕು ಇನ್ನೊಂದು ಬದಿಯಿಂದ ಬರುತ್ತದೆ. ಹತ್ತು ವರ್ಷದ ನಿರ್ವಹಣೆಯನ್ನೂ ಅದರಲ್ಲೇ ಸೇರಿಸಿದ್ದಾರೆ. ತಡವಾದರೂ ಇದು ಸರಿಯಾದ ದಾರಿ. ಹೂತ ಕಿಲೋಮೀಟರುಗಳನ್ನು ಎಣಿಸಿ ಹಳ್ಳಿಗೆ ಇಂಟರ್ನೆಟ್ ಬಂತೆನ್ನುವುದನ್ನು ನಾನು ಒಪ್ಪಲಾರೆ. ತುಂಡಾದ ದಿನವೇ ಬೆಸೆಯುವ ಕೈ ತಾಲ್ಲೂಕಿನಲ್ಲಿದ್ದರೆ ಬಂತೆನ್ನಬೇಕು. ಆ ಕೈ ನಮ್ಮ ಹುಡುಗ ಹುಡುಗಿಯರದೇ ಆಗಬಹುದು. ಐಟಿಐ ಕಲಿತವರಿಗೆ ಸ್ಪ್ಲೈಸಿಂಗ್ ಕಷ್ಟದ ವಿದ್ಯೆಯೇನಲ್ಲ.

ರಾಂಜಣಗಾಂವದ ರೈತನಿಗೆ ಹೇಳಬೇಕಾದದ್ದನ್ನೇ ಸಿಂದಗಿಯ, ಶಿರಸಿಯ ಓದುಗರಿಗೂ ಹೇಳುತ್ತೇನೆ. ಅಗೆಯುವ ಮುನ್ನ ತಿಳಿಸಲೆಂದೇ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಸರ್ಕಾರಿ ಆ್ಯಪ್ ಬಂದಿದೆ. ನಿಮ್ಮೂರಿನ ರಸ್ತೆಬದಿಯಲ್ಲಿ ಜೆಸಿಬಿ ನಿಂತದ್ದು ಕಂಡರೆ, ಆ ಆ್ಯಪ್‌ನಲ್ಲಿ ತಿಳಿಸಿಯೇ ಅಗೆಯುತ್ತಿದ್ದೀರಾ ಎಂದು ಚಾಲಕನನ್ನು ದಯವಿಟ್ಟು ಕೇಳಿ.