ಲಾರಿಯಿಂದಿಳಿದ ಜಾದೂ, ಮೊಬೈಲು ಏರಿದ ಜಾದೂಗಾರ

ಊರೂರು ತಿರುಗಿ ಜಾದೂ ತೋರಿಸಿ ಬದುಕುವ ವೃತ್ತಿ ನಮ್ಮ ಕಣ್ಣೆದುರೇ ಬುಡಸಮೇತ ಬದಲಾಗಿದೆ. ಹಿಂದೆ ದೊಡ್ಡ ಜಾದೂ ಪ್ರದರ್ಶನವೆಂದರೆ ಲಾರಿ ತುಂಬ ಪೆಟ್ಟಿಗೆಗಳು, ಒಂದು ಹಿಂಡು ಸಹಾಯಕರು, ಊರ ಗೋಡೆಗಳಿಗೆಲ್ಲ ಪೋಸ್ಟರು. ಇಂದು ಅದೇ ಕಲೆ ಒಂದು ಫೋನು, ಒಂದು ದೀಪ, ಒಂದು ಮೈಕಿನ ಮುಂದೆ ನಡೆಯುತ್ತದೆ, ನೋಡುವವರು ಲಕ್ಷಗಟ್ಟಲೆ. ಈ ಬದಲಾವಣೆಯಲ್ಲಿ ಕೆಲವರು ಗೆದ್ದರು, ಹಲವರು ಸದ್ದಿಲ್ಲದೆ ಹಿಂದೆ ಉಳಿದರು.

ಈ ವೃತ್ತಿಯ ಬೇರು ಬೀದಿಯಲ್ಲಿದೆ. ಚಿತ್ರದುರ್ಗ, ಬಳ್ಳಾರಿ ಸೀಮೆಯ ಹಳ್ಳಿಗರಿಗೆ ಸುಡುಗಾಡು ಸಿದ್ಧರು ಹೊಸಬರಲ್ಲ. ಜೋಳಿಗೆ ಹೊತ್ತು ಮನೆಮನೆಗೆ ಬಂದು, ಹಗಲ ಬೆಳಕಿನಲ್ಲಿ, ಸುತ್ತಲೂ ಜನ ಕೂತಿರುವಾಗಲೇ ಕೈಚಳಕ ತೋರಿಸುವುದು ಅವರ ಕುಲವೃತ್ತಿಯಾಗಿತ್ತು. ಪರದೆಯಿಲ್ಲ, ವೇದಿಕೆಯಿಲ್ಲ, ಬೆನ್ನ ಹಿಂದೆಯೂ ನೋಡುವ ಕಣ್ಣುಗಳಿರುತ್ತವೆ. ಜಾದೂ ಕಲೆಯಲ್ಲಿ ಇದಕ್ಕಿಂತ ಕಷ್ಟದ ಪರೀಕ್ಷೆ ಇನ್ನೊಂದಿಲ್ಲ. ಮೋಡಿ ಆಟದ್ದು ಇನ್ನೊಂದು ಬಗೆ. ಒಬ್ಬ ಮೋಡಿಕಾರ ಬಯಲಿನಲ್ಲಿ ವಸ್ತುಗಳನ್ನು ಇಟ್ಟು ಸವಾಲು ಹಾಕುತ್ತಾನೆ, ಎದುರಾಳಿ ಅವನ್ನು ಎತ್ತಲು ಬರುತ್ತಾನೆ. ಎತ್ತಲು ಹೋದವನು ತತ್ತರಿಸಿ ಬೀಳುವುದು, ಎದ್ದು ಮತ್ತೆ ನುಗ್ಗುವುದು, ಇದೇ ಆಟದ ಜೀವ. ಅಲ್ಲಿ ಕೈಚಳಕಕ್ಕಿಂತ ಅಭಿನಯ ಮತ್ತು ಮಾತು ಹೆಚ್ಚು ಕೆಲಸ ಮಾಡುತ್ತವೆ.

ವೇದಿಕೆಯ ಅದ್ಭುತವನ್ನು ಕನ್ನಡಿಗರಿಗೆ ರೂಢಿ ಮಾಡಿಸಿದ್ದು ಕಂಪನಿ ನಾಟಕಗಳು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ, ಮುಂದೆ ಗುಬ್ಬಿ ವೀರಣ್ಣನವರ ಕಾಲದಲ್ಲಿ, ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ತಂದಿತು. ಟ್ರಿಕ್ ಸೀನುಗಳಿಗೆ ಜನ ಚಪ್ಪಾಳೆ ಹೊಡೆಯುತ್ತಿದ್ದರು, ಮತ್ತೊಮ್ಮೆ ತೋರಿಸಿ ಎಂದು ಕೂಗುತ್ತಿದ್ದರು. ತಿರುಗಾಟದ ಜಾದೂ ತಂಡಗಳು ಕಂಪನಿಗಳ ಕ್ಯಾಂಪ್ ಪದ್ಧತಿಯಲ್ಲೇ ಬೆಳೆದವು: ಜಾತ್ರೆಯ ಕಾಲ ನೋಡಿ ಊರು ಗೊತ್ತುಮಾಡುವುದು, ಜನ ಬರುವಷ್ಟು ದಿನ ಇದ್ದು ಮುಂದಿನ ಊರಿಗೆ ಗಂಟು ಕಟ್ಟುವುದು.

ದೊಡ್ಡ ಜಾದೂ ಪ್ರದರ್ಶನದ ಮಾದರಿಯನ್ನು ಇಡೀ ದೇಶಕ್ಕೆ ಕೊಟ್ಟವರು ಬಂಗಾಳದ ಪಿ.ಸಿ. ಸರ್ಕಾರ್ (1913–1971). ಮಹಾರಾಜನ ಪೇಟ, ಜರತಾರಿ ಉಡುಪು, ನೀರು ಸುರಿದಷ್ಟೂ ಮತ್ತೆ ತುಂಬುವ ತಂಬಿಗೆ ಎಲ್ಲವೂ ಅವರಿಂದ ಪ್ರಸಿದ್ಧವಾದವು. ಟಿವಿ ಪರದೆಯ ಶಕ್ತಿಯನ್ನು ಬಹು ಬೇಗ ಅರಿತವರೂ ಅವರೇ. 1956ರ ಏಪ್ರಿಲ್‌ನಲ್ಲಿ ಬಿಬಿಸಿ ಟೆಲಿವಿಷನ್ನಿನ ನೇರ ಪ್ರಸಾರದಲ್ಲಿ ಅವರು ಸಹಾಯಕಿಯನ್ನು ಗರಗಸದಿಂದ ಎರಡು ಭಾಗವಾಗಿ ಕೊಯ್ದು ತೋರಿಸಿದರು. ಆಕೆಯನ್ನು ಎಬ್ಬಿಸಲು ಯತ್ನಿಸುತ್ತಿದ್ದಂತೆ ಕಾರ್ಯಕ್ರಮದ ಸಮಯ ಮುಗಿಯಿತೆಂದು ನಿರೂಪಕರು ಪ್ರಸಾರ ನಿಲ್ಲಿಸಿದರು. ಹುಡುಗಿ ಸತ್ತೇಹೋದಳೆಂದು ಗಾಬರಿಯಾದ ವೀಕ್ಷಕರ ಕರೆಗಳಿಂದ ಬಿಬಿಸಿಯ ಫೋನುಗಳು ತುಂಬಿಹೋದವು. ಲಂಡನ್ನಿನ ಅವರ ಪ್ರದರ್ಶನದ ಟಿಕೆಟ್‌ಗಳು ಖಾಲಿಯಾದವು. ಪರದೆಯ ಮೇಲಿನ ಕೆಲವೇ ನಿಮಿಷ ನಾಟಕಮಂದಿರವನ್ನು ತುಂಬಿಸಬಲ್ಲದು ಎಂಬ ಈ ಪಾಠವೇ ಇಂದಿನ ಆನ್‌ಲೈನ್ ಜಾದೂಗಾರರ ಬದುಕಿನ ಸೂತ್ರ. 1971ರ ಜನವರಿಯಲ್ಲಿ ಜಪಾನಿನ ಪ್ರವಾಸದಲ್ಲೇ ಸರ್ಕಾರ್ ತೀರಿಕೊಂಡರು. ಕೊನೆಯ ದಿನವೂ ಪ್ರದರ್ಶನ ಕೊಟ್ಟಿದ್ದರು.

ಸರ್ಕಾರ್ ಮಾದರಿಯ ತಂಡವನ್ನು ನಡೆಸುವುದು ಸಣ್ಣ ಮಾತಲ್ಲ. ಮನುಷ್ಯನನ್ನು ಮಾಯ ಮಾಡುವ ಪೆಟ್ಟಿಗೆ, ಗಾಳಿಯಲ್ಲಿ ತೇಲಿಸುವ ಸಲಕರಣೆ, ಬಣ್ಣದ ದೀಪ, ಧ್ವನಿವರ್ಧಕ, ಪರದೆ ಎಲ್ಲವನ್ನೂ ಪ್ರತಿ ಊರಲ್ಲಿ ಇಳಿಸಿ ಜೋಡಿಸಬೇಕು, ಮತ್ತೆ ಬಿಚ್ಚಿ ಏರಿಸಬೇಕು. ಸಭಾಂಗಣದ ಬಾಡಿಗೆ, ಲಾರಿ ಬಾಡಿಗೆ, ಊಟ, ವಸತಿ, ಆಟೊ ಪ್ರಚಾರ, ಪೊಲೀಸ್ ಅನುಮತಿ, 2017ರವರೆಗೆ ಮನರಂಜನಾ ತೆರಿಗೆ ಇವಕ್ಕೆಲ್ಲ ಟಿಕೆಟ್ ದುಡ್ಡೇ ಆಧಾರ. ಎರಡು ದಿನ ಮಳೆ ಹಿಡಿದರೆ ಸಾಲ. ಹೀಗಾಗಿ ದೊಡ್ಡ ತಂಡಗಳು ನಗರ, ತಾಲ್ಲೂಕು ಕೇಂದ್ರಗಳನ್ನೇ ನೆಚ್ಚಿಕೊಳ್ಳಬೇಕಿತ್ತು. ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ, ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿರುವ ಐಮಂಗಲದಂಥ ಹೋಬಳಿ ಊರಿನಲ್ಲಿ ಲಾರಿ ನಿಲ್ಲಿಸಿದರೆ ಖರ್ಚು ಹುಟ್ಟುವುದಿಲ್ಲ. ಇಂಥ ಊರುಗಳಿಗೆ ಒದಗಿದ್ದು ಒಂಟಿ ಜಾದೂಗಾರ. ಒಂದು ಸೂಟ್‌ಕೇಸು ಹಿಡಿದು ಬಸ್ಸಿಳಿದು, ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ಮಕ್ಕಳಿಂದ ತಲಾ ಇಷ್ಟು ಎಂದು ಕೂಡಿಸಿದ ದುಡ್ಡಿಗೆ ಒಂದು ಗಂಟೆ ಕಾರ್ಯಕ್ರಮ ಕೊಟ್ಟು ಮುಂದಿನ ಊರಿಗೆ ಹೋಗುತ್ತಿದ್ದವರು ಇವರು. ಹಗ್ಗ, ಕರವಸ್ತ್ರ, ಇಸ್ಪೀಟೆಲೆ, ಕಾಗದದ ಹೂವು, ಖಾಲಿ ಡಬ್ಬಿ ಇಷ್ಟೇ ಬಂಡವಾಳ. ಉಳಿದದ್ದೆಲ್ಲ ಬಾಯಿಯ ಮೇಲೆ. ಮಕ್ಕಳನ್ನು ನಗಿಸುತ್ತ, ಅವರ ಗಮನವನ್ನು ಬಲಗೈಗೆ ಕಟ್ಟಿಹಾಕಿ ಎಡಗೈಯಲ್ಲಿ ಕೆಲಸ ಮುಗಿಸುವ ಆ ವಿದ್ಯೆಗೆ ಸಿಗಬೇಕಾದ ಗೌರವ ಎಂದೂ ಸಿಗಲಿಲ್ಲ.

ಟೆಲಿವಿಷನ್ ಮನೆಮನೆಗೆ ಬಂದ ಮೇಲೆ ದೊಡ್ಡ ತಂಡಗಳ ಸಂಕಷ್ಟ ಶುರುವಾಯಿತು. 1997ರಲ್ಲಿ ಅಮೆರಿಕದ ವಾಹಿನಿಯೊಂದು ಮುಖವಾಡ ತೊಟ್ಟ ಜಾದೂಗಾರನಿಂದ ದೊಡ್ಡ ದೊಡ್ಡ ಐಟಂಗಳ ಗುಟ್ಟನ್ನೇ ಬಿಚ್ಚಿ ತೋರಿಸಿತು. ಪೆಟ್ಟಿಗೆಯೊಳಗೆ ಏನಿದೆಯೆಂದು ಜಗತ್ತಿಗೆಲ್ಲ ತಿಳಿಯಿತು. ಅದೇ ವರ್ಷ ಡೇವಿಡ್ ಬ್ಲೇನ್ ಎಂಬ ಯುವಕ ಅಮೆರಿಕದ ಬೀದಿಗಳಲ್ಲಿ ಬರಿಗೈ ಜಾದೂ ಮಾಡಿ, ತನ್ನ ಕೈಗಿಂತ ಹೆಚ್ಚಾಗಿ ನೋಡುಗರ ಬೆರಗಿನ ಮುಖಗಳನ್ನು ಕ್ಯಾಮೆರಾದಲ್ಲಿ ಹಿಡಿಸಿದ. ಆನ್‌ಲೈನ್ ಜಾದೂ ಇಂದಿಗೂ ನಡೆಯುತ್ತಿರುವುದು ಈ ಎರಡನೆಯ ದಾರಿಯಲ್ಲೇ.

1997 ಭಾರತದ ಮಟ್ಟಿಗೂ ಮುಖ್ಯ. ಆ ವರ್ಷ ಅಹಮದಾಬಾದಿನ ವೇದಿಕೆಯೊಂದರಲ್ಲಿ ಏಳು ವರ್ಷದ ಸುಹಾನಿ ಶಾ ಮೊದಲ ಪ್ರದರ್ಶನ ಕೊಟ್ಟರು. ತಿರುಗಾಟದ ಜಾದೂಗಾರ್ತಿ ಆನ್‌ಲೈನ್ ತಾರೆಯಾದ ಕಥೆಗೆ ಅವರಿಗಿಂತ ಸ್ಪಷ್ಟ ಉದಾಹರಣೆ ನಮ್ಮ ದೇಶದಲ್ಲಿಲ್ಲ. ಪ್ರವಾಸದ ಕಾರಣ ಅವರು ಶಾಲೆಯನ್ನು ಎಳೆ ವಯಸ್ಸಿನಲ್ಲೇ ಬಿಟ್ಟರು. ಮನೆಯವರ ಜೊತೆ, ದೊಡ್ಡ ತಂಡ ಕಟ್ಟಿಕೊಂಡು, ಹಳೆಯ ಮಾದರಿಯ ಪೆಟ್ಟಿಗೆ-ಪರದೆಗಳ ಜಾದೂವನ್ನೇ ವರ್ಷಗಟ್ಟಲೆ ಊರೂರಲ್ಲಿ ತೋರಿಸಿದರು. ಮುಂದೆ ಅದನ್ನು ಬಿಟ್ಟು ಮನಸ್ಸು ಓದುವ ಜಾದೂ ಹಿಡಿದರು. ನೋಡುಗರು ಮನದಲ್ಲೇ ನೆನೆದ ಹೆಸರನ್ನು, ಅಂಕಿಯನ್ನು, ಫೋನಿನ ಗುಪ್ತ ಸಂಖ್ಯೆಯನ್ನು ಹೇಳಿಬಿಡುವ ಬಗೆ ಇದು. ಇದರಲ್ಲಿ ಪವಾಡವಿಲ್ಲ, ಮುಂಚಿತ ಸಿದ್ಧತೆ, ಎದುರಿನವರ ಆಯ್ಕೆಯನ್ನು ಅವರಿಗೇ ತಿಳಿಯದಂತೆ ಒಂದು ಕಡೆಗೆ ತಿರುಗಿಸುವ ಜಾಣ್ಮೆ, ಮುಖಚರ್ಯೆಯ ಗಮನಿಕೆ, ಮಾತಿನ ಹಿಡಿತ ಇವೆಲ್ಲ ಸೇರಿರುತ್ತವೆ. ಇದು ಜಾದೂ ಕಲೆಯೇ, ಅತೀಂದ್ರಿಯ ಶಕ್ತಿಯಲ್ಲ ಎಂದು ಶಾ ತಾವೇ ಹೇಳುತ್ತಾರೆ.

ಈ ಬದಲಾವಣೆ ಪರದೆಗೆ ಹೇಳಿ ಮಾಡಿಸಿದಂತಿತ್ತು. ಪೆಟ್ಟಿಗೆಯಲ್ಲಿ ಮಾಯವಾದ ಮನುಷ್ಯನನ್ನು ವಿಡಿಯೊದಲ್ಲಿ ಕಂಡವರು ‘ಎಡಿಟಿಂಗ್’ ಎಂದು ಕೈ ಕೊಡವುತ್ತಾರೆ. ಎದುರು ಕೂತ ಹಾಸ್ಯಗಾರನೊಬ್ಬ ತನ್ನ ಬಾಲ್ಯದ ಗೆಳೆಯನ ಹೆಸರು ಕೇಳಿ ಕುರ್ಚಿಯಿಂದ ಎದ್ದು ನಿಂತರೆ ಆ ದಿಗ್ಭ್ರಮೆಯನ್ನು ಅನುಮಾನಿಸುವುದು ಕಷ್ಟ. ಹೆಸರಾಂತ ಹಾಸ್ಯಗಾರರು, ಯೂಟ್ಯೂಬರ್‌ಗಳ ಜೊತೆ ಶಾ ಮಾಡಿದ ವಿಡಿಯೊಗಳು ಹಬ್ಬಿದ್ದು ಇದೇ ಬಲದಿಂದ. 2025ರ ಜುಲೈಯಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ನಡೆದ ಫಿಸ್ಮ್ ವಿಶ್ವ ಜಾದೂ ಸ್ಪರ್ಧೆಯಲ್ಲಿ ಆನ್‌ಲೈನ್ ಜಾದೂಗೆ ಮೀಸಲಾದ ಪ್ರಶಸ್ತಿ ಅವರಿಗೆ ಬಂತು. ಜಾದೂಗಾರರ ಒಲಿಂಪಿಕ್ಸ್ ಎನ್ನುವ ಕೂಟ ಅದು. ಆನ್‌ಲೈನ್ ಜಾದೂವನ್ನು ಅಂಥ ಕೂಟವೇ ಒಂದು ವಿಭಾಗವಾಗಿ ಒಪ್ಪಿಕೊಂಡಿದ್ದು ಈ ವೃತ್ತಿಯ ಚರಿತ್ರೆಯಲ್ಲಿ ದೊಡ್ಡ ಹೆಜ್ಜೆ.

ಸಾಮಾನ್ಯ ಜಾದೂಗಾರರನ್ನು ಪರದೆಯತ್ತ ದೂಡಿದ್ದು ಮಾತ್ರ ಪ್ರಶಸ್ತಿಯ ಆಸೆಯಲ್ಲ, ಹೊಟ್ಟೆಪಾಡು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು; ಹಳ್ಳಿಯ ಜನ ಬಿಡುವಿನ ಹೊತ್ತನ್ನು ಫೋನಿನಲ್ಲಿ ಕಳೆಯತೊಡಗಿದರು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಜಾತ್ರೆ, ಮದುವೆ, ಶಾಲಾ ವಾರ್ಷಿಕೋತ್ಸವ ಒಟ್ಟಿಗೇ ನಿಂತವು. ಜಾದೂಗಾರರ ಆದಾಯದ ಮೂರು ದಾರಿಗಳೂ ಒಂದೇ ವಾರದಲ್ಲಿ ಮುಚ್ಚಿದವು. ಕಂಪನಿಗಳ ನೌಕರರಿಗೆ ಜೂಮ್‌ನಲ್ಲಿ ಮನಸ್ಸು ಓದುವ ಕಾರ್ಯಕ್ರಮ ಕೊಟ್ಟವರು ಉಳಿದುಕೊಂಡರು. ಇಂಗ್ಲಿಷ್ ಮತ್ತು ನಗರದ ನಂಟು ಇಲ್ಲದವರಿಗೆ ಅದು ದಕ್ಕಲಿಲ್ಲ. ಆ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಇನ್‌ಸ್ಟಾಗ್ರಾಂ ರೀಲ್ಸ್, ಯೂಟ್ಯೂಬ್ ಶಾರ್ಟ್ಸ್ ಬಂದ ಮೇಲೆ ನಿಮಿಷದೊಳಗಿನ ಜಾದೂವೇ ರೂಢಿಯಾಯಿತು.

ವೇದಿಕೆಯ ಪಾಠಗಳಲ್ಲಿ ಎಷ್ಟೋ ಇಲ್ಲಿ ತಲೆಕೆಳಗು. ವೇದಿಕೆಯಲ್ಲಿ ಎಡಬಲದ ಎಲ್ಲ ಸಾಲುಗಳಿಂದಲೂ ಗುಟ್ಟು ಮುಚ್ಚಬೇಕು. ಕ್ಯಾಮೆರಾಗೆ ಒಂದೇ ಕೋನ. ಇದು ಅನುಕೂಲವೆನ್ನಿಸಬಹುದು. ಆದರೆ ವೇದಿಕೆಯ ನೋಡುಗ ಒಮ್ಮೆ ಮಾತ್ರ ನೋಡುತ್ತಾನೆ, ವಿಡಿಯೊದ ನೋಡುಗ ನಿಧಾನಗತಿಯಲ್ಲಿ ಹತ್ತು ಬಾರಿ ನೋಡಿ ಗುಟ್ಟನ್ನು ಕೆಳಗೆ ಬರೆದೂ ಹಾಕುತ್ತಾನೆ. ಅರ್ಧ ಗಂಟೆ ಕುತೂಹಲ ಬೆಳೆಸಿ ಕೊನೆಗೆ ಬೆರಗುಗೊಳಿಸುವ ಕ್ರಮ ನಡೆಯುವುದಿಲ್ಲ. ಮೊದಲ ಕೆಲವು ಸೆಕೆಂಡುಗಳಲ್ಲೇ ಹಿಡಿಯಬೇಕು. ಇಷ್ಟಾಗಿ ಸಂಪಾದನೆಯೇನು? ಯೂಟ್ಯೂಬ್ ಜಾಹೀರಾತು ಹಣದಲ್ಲಿ ಪಾಲು ಬೇಕಾದರೆ ಕನಿಷ್ಠ 1,000 ಚಂದಾದಾರರು, ಜೊತೆಗೆ ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಇರಬೇಕು. ಅದನ್ನು ದಾಟಿದರೂ ಜಾಹೀರಾತಿನಿಂದಲೇ ಸಂಸಾರ ಸಾಗಿಸುವವರು ವಿರಳ. ವಿಡಿಯೊ ನೋಡಿ ಮದುವೆಗೆ, ಕಾಲೇಜು ಉತ್ಸವಕ್ಕೆ, ಕಂಪನಿ ಸಮಾರಂಭಕ್ಕೆ ಕರೆಯುವವರೇ ನಿಜವಾದ ಆದಾಯ. ಸುಹಾನಿ ಶಾ ಅವರೂ ಪರದೆಯ ಹೆಸರಿನಿಂದ ಮತ್ತೆ ಸಭಾಂಗಣಗಳನ್ನೇ ತುಂಬಿಸುತ್ತಿದ್ದಾರೆ.

ಕರ್ನಾಟಕದ ಕಲಾವಿದರು ತಮ್ಮದೇ ದಾರಿ ಹುಡುಕಿಕೊಂಡಿದ್ದಾರೆ. ಮಂಗಳೂರಿನ ಕುದ್ರೋಳಿ ಗಣೇಶ್ ತುಳುನಾಡಿನ ಸಂಸ್ಕೃತಿಯನ್ನು ಜಾದೂ ಜೊತೆ ಬೆಸೆದರು. ಉಡುಪಿ ಕಡೆಯ ಪ್ರಹ್ಲಾದ ಆಚಾರ್ಯ ಬಂಧನದಿಂದ ಪಾರಾಗುವ ಜಾದೂ ಜೊತೆಗೆ ಬರಿಗೈಯ ನೆರಳಾಟವನ್ನೂ ಬೆಳೆಸಿದರು; ಭಾಷೆಯ ಹಂಗಿಲ್ಲದ ಈ ಕಲೆ ಪರದೆಗೆ ಚೆನ್ನಾಗಿ ಒಗ್ಗುತ್ತದೆ. ಬೆಂಗಳೂರಿನಲ್ಲಿ ನೆಲೆಸಿರುವ ನಕುಲ್ ಶೆಣೈ ಮನಸ್ಸು ಓದುವ ಜಾದೂವನ್ನು ಕಂಪನಿಗಳ ವೇದಿಕೆಗೆ ಒಯ್ದರು. ಹುಲಿಕಲ್ ನಟರಾಜ್ ಅವರದು ಬೇರೆಯದೇ ಬಗೆ: ಪವಾಡವೆಂದು ನಂಬಿಸುವ ತಂತ್ರಗಳನ್ನು ವೇದಿಕೆಯ ಮೇಲೆ ಮಾಡಿ ತೋರಿಸಿ, ಹಿಂದಿನ ವಿಜ್ಞಾನ ವಿವರಿಸುತ್ತಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗಿನಿಂದ ಈ ನಾಡಿನಲ್ಲಿ ಅಂಥದೊಂದು ಪರಂಪರೆಯಿದೆ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ ರಾಜ್ಯದ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಯಾಯಿತು. ನಿಂಬೆಹಣ್ಣಿನಿಂದ ರಕ್ತ ಹರಿಸುವ ವಿಡಿಯೊಗಳು ಭಕ್ತಿಯ ಹೆಸರಿನಲ್ಲಿ ಹರಿದಾಡುವ ಈ ದಿನಗಳಲ್ಲಿ, ತಾನು ಮಾಡುತ್ತಿರುವುದು ಆಟವೆಂದು ಹೇಳಿಯೇ ಆಡುವ ಜಾದೂಗಾರ ಸಮಾಜಕ್ಕೆ ಬೇಕಾದ ಮನುಷ್ಯ.

ಪರದೆಗೆ ಬಾರದವರ ಲೆಕ್ಕ ಇನ್ನೂ ಬಾಕಿಯಿದೆ. ಪೆಟ್ಟಿಗೆಯೊಳಗೆ ಮೈ ಮಡಚಿ ಕೂತ ಸಹಾಯಕಿ, ದೀಪ ಹಿಡಿದವನು, ಸಲಕರಣೆ ಮಾಡಿಕೊಟ್ಟ ಬಡಗಿ, ಗೋಡೆಗೆ ಪೋಸ್ಟರು ಹಚ್ಚಿದ ಹುಡುಗ ಇವರೆಲ್ಲರ ಕೆಲಸವನ್ನು ಫೋನು ಅನಗತ್ಯ ಮಾಡಿತು. ಅವರು ಯಾವ ವಿಡಿಯೊದಲ್ಲೂ ಇಲ್ಲ. ಸುಡುಗಾಡು ಸಿದ್ಧರ ಕೈಚಳಕವೂ ಹೀಗೆಯೇ, ಕಲಿಸುವ ಹಿರಿಯರೊಂದಿಗೇ ಕಳೆದುಹೋಗುತ್ತಿದೆ. ನಾಟಕ, ಜಾನಪದ, ಯಕ್ಷಗಾನ, ಬಯಲಾಟಕ್ಕೆ ರಾಜ್ಯದಲ್ಲಿ ಅಕಾಡೆಮಿಗಳಿವೆ. ಜಾದೂಗೆ ಪ್ರತ್ಯೇಕ ಅಕಾಡೆಮಿ ಇಲ್ಲ. ಚಿತ್ರದುರ್ಗ ಸೀಮೆಯ ಊರುಗಳಲ್ಲಿ ಇಂಥ ಹಿರಿಯರು ಕಂಡರೆ, ಯುವಕರು ಅವರ ಒಪ್ಪಿಗೆ ಪಡೆದು, ಕೈಗೆ ಸಂಭಾವನೆ ಕೊಟ್ಟು, ಅವರ ಆಟವನ್ನೂ ಮಾತನ್ನೂ ಫೋನಿನಲ್ಲಿ ಪೂರ್ತಿಯಾಗಿ ಚಿತ್ರೀಕರಿಸಿಡಬೇಕು. ಮನೆಯಲ್ಲಿ ಹಳೆಯ ಜಾದೂ ಪ್ರದರ್ಶನದ ಕರಪತ್ರ, ಫೋಟೊ ಇದ್ದರೆ ದಯವಿಟ್ಟು ರದ್ದಿಗೆ ಹಾಕದಿರಿ.