ನಿಂತು ಅಲೆಯೇರುವ ವಿದ್ಯೆ

ಕಡಲ ತೀರಕ್ಕೆ ಹೋದವರೆಲ್ಲರೂ ಅಲೆಯನ್ನು ನೋಡುತ್ತಾರೆ. ಅದನ್ನೇರಿ ಬರುವ ಮನಸ್ಸು ಕೆಲವರಿಗೆ ಮಾತ್ರ ಹುಟ್ಟುತ್ತದೆ. ಅಂಥವರು ಈಚೆಗೆ ನಮ್ಮ ಕರಾವಳಿಯಲ್ಲಿಯೂ ಹೆಚ್ಚುತ್ತಿದ್ದಾರೆ. ಮೂಲ್ಕಿಯ ಸಮೀಪದ ಸಸಿಹಿತ್ಲು ತೀರದಲ್ಲಿ, ಉದ್ದನೆಯ ಹಲಗೆಯ ಮೇಲೆ ನೆಟ್ಟಗೆ ನಿಂತು, ಕೈಯಲ್ಲಿ ನೀಳವಾದ ಹುಟ್ಟು ಹಿಡಿದು ನೀರಿನಲ್ಲಿ ಸಾಗುವ ತರುಣ ತರುಣಿಯರನ್ನು ನೀವು ಕಂಡಿರಬಹುದು. 2024ರ ಮಾರ್ಚ್ ತಿಂಗಳಲ್ಲಿ ಈ ಬಗೆಯ ಹಲಗೆಗಳ ಅಂತರರಾಷ್ಟ್ರೀಯ ಪಂದ್ಯಗಳೇ ಅಲ್ಲಿ ನಡೆದವು. ನಾಳೆ ನಿಮ್ಮ ಮಗನೋ ಮಗಳೋ ಇದನ್ನು ಕಲಿಯುತ್ತೇನೆಂದರೆ ಏನು ಹೇಳುತ್ತೀರಿ? ಬೇಡವೆನ್ನುವ ಮುಂಚೆ, ಹೂಂ ಎನ್ನುವ ಮುಂಚೆ ಕೂಡ, ಈ ವಿದ್ಯೆಯ ಸ್ವರೂಪವನ್ನು ತಿಳಿಯುವುದು ಒಳ್ಳೆಯದು.

ಇದರ ತವರು ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳು. ಅಲ್ಲಿನವರ ನುಡಿಯಲ್ಲಿ ಇದಕ್ಕೆ ‘ಹೋಎ ಹೇಎ ನಾಲು’ ಎಂದು ಹೆಸರು. ‘ಹೋಎ’ ಎಂದರೆ ಹುಟ್ಟು, ‘ಹೇಎ’ ಎಂದರೆ ಜಾರುವುದು, ‘ನಾಲು’ ಎಂದರೆ ಅಲೆ. ಹೆಸರಿನಲ್ಲಿಯೇ ವಿವರಣೆ ಅಡಗಿದೆ. ಕಳೆದ ಶತಮಾನದ ನಡುವಿನಲ್ಲಿ ವೈಕೀಕಿ ತೀರದ ಕೆಲವು ಶಿಕ್ಷಕರು ಹಲಗೆಯ ಮೇಲೆ ನಿಂತು, ದೋಣಿಯ ಹುಟ್ಟನ್ನು ಹಿಡಿದು ಅಲೆಯೇರುತ್ತಿದ್ದರು. ನಿಂತವರಿಗೆ ಶಿಷ್ಯರೂ ಕಾಣುತ್ತಿದ್ದರು, ದೂರದಿಂದ ಬರುವ ತೆರೆಯೂ ಕಾಣುತ್ತಿತ್ತು. 2000ದ ಆಸುಪಾಸಿನಲ್ಲಿ ಲೇರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮಾ ಎಂಬ ಹವಾಯಿಯ ಸಾಹಸಿಗಳು ಇದನ್ನು ಕೈಗೆತ್ತಿಕೊಂಡ ಮೇಲೆ ಲೋಕಕ್ಕೆಲ್ಲ ಹಬ್ಬಿತು.

ಅಲೆಯೆಂದರೇನು? ನೀರೇ ದಡಕ್ಕೆ ಓಡಿಬರುತ್ತದೆಂದು ನಾವು ಭಾವಿಸುತ್ತೇವೆ. ಆದರೆ ಆಳವಾದ ಕಡಲಿನಲ್ಲಿ ತೇಲುವ ಒಂದು ತೆಂಗಿನಕಾಯಿಯನ್ನು ನೋಡಿರಿ. ಅಲೆ ಬಂದಾಗ ಅದು ಏಳುತ್ತದೆ, ಇಳಿಯುತ್ತದೆ, ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತದೆ. ಸಾಗಿ ಬರುವುದು ಶಕ್ತಿಯೇ ಹೊರತು ನೀರಲ್ಲ. ಎಲ್ಲೋ ದಕ್ಷಿಣದ ಹಿಂದೂ ಮಹಾಸಾಗರದಲ್ಲಿ ಬೀಸಿದ ಬಿರುಗಾಳಿ ಎಬ್ಬಿಸಿದ ತೆರೆ ಸಾವಿರಾರು ಕಿಲೋಮೀಟರು ದಾಟಿ ನಮ್ಮ ದಡವನ್ನು ಮುಟ್ಟುವುದುಂಟು. ಬುಡದ ನೆಲ ಮೇಲೇರುತ್ತ ಬಂದಾಗ ಅಲೆ ಕಡಿದಾಗುತ್ತದೆ. ಸುಮಾರು 3 ಅಡಿಯ ಅಲೆ 4 ಅಡಿ ಆಳದ ನೀರಿನಲ್ಲಿ ಒಡೆಯುತ್ತದೆ. ಒಡೆಯುವ ಮುಂಚಿನ ಆ ಇಳಿಜಾರೇ ಹಲಗೆ ಜಾರುವ ದಾರಿ.

ಕಲಿಕೆ ಮೊದಲಾಗಬೇಕಾದುದು ಮಾತ್ರ ಅಲೆಯಲ್ಲಲ್ಲ, ಶಾಂತವಾದ ನೀರಿನಲ್ಲಿ. ಶಾಂಭವಿ, ನಂದಿನಿ ನದಿಗಳು ಕಡಲನ್ನು ಸೇರುವ ಪ್ರದೇಶ ಅದು. ಅಲೆಯಿಲ್ಲದ ಹೊಳೆಯ ನೀರು, ಅಲೆಯಿರುವ ಕಡಲು ಎರಡೂ ಹತ್ತಿರವೇ ಸಿಕ್ಕುವುದು ಮೂಲ್ಕಿಯ ಭಾಗ್ಯ. ಹೊಸಬರಿಗೆ 10ರಿಂದ 11 ಅಡಿ ಉದ್ದ, 30 ಅಂಗುಲಕ್ಕೆ ಮೀರಿದ ಅಗಲದ ಹಲಗೆ ಬೇಕು. ಮೊದಲು ಮೊಣಕಾಲೂರಿ ಹುಟ್ಟು ಹಾಕಬೇಕು. ಆಮೇಲೆ ಹಲಗೆಯ ನಡುವಿನಲ್ಲಿ, ಪಾದಗಳ ನಡುವೆ ಭುಜದಗಲ ಬಿಟ್ಟು, ಮೊಣಕಾಲನ್ನು ತುಸು ಬಾಗಿಸಿ ನಿಲ್ಲಬೇಕು. ದೃಷ್ಟಿ ಕಾಲಿನ ಮೇಲಿರದೆ ಮುಂದಿರಬೇಕು. ಕಾಲನ್ನು ನೋಡಿದವನು ಬಿದ್ದನೆಂದೇ ತಿಳಿಯಿರಿ. ಹುಟ್ಟಿನ ಅಲಗು ಹಿಡಿಗೆ ನೇರವಾಗಿರದೆ ಕೊಂಚ ಬಾಗಿರುತ್ತದೆ. ಆ ಬಾಗು ಮುಂದಕ್ಕಿರಬೇಕು. ಹೊಸಬರಲ್ಲಿ ಅನೇಕರು ಅದನ್ನು ತಿರುಗುಮುರುಗಾಗಿ ಹಿಡಿಯುತ್ತಾರೆ. ನೀರಿನಲ್ಲಿರುವ ಹುಟ್ಟು ನಿಂತವನಿಗೆ ಮೂರನೆಯ ಕಾಲಿದ್ದಂತೆ.

ಇಷ್ಟು ಕೈವಶವಾದ ಮೇಲೆ ಕಡಲು. ಅದೂ ಮೊಣಕಾಲೆತ್ತರದ ಅಲೆಗಳಿರುವ ದಿನ ನೋಡಿ, ಗುರುವಿನ ಜೊತೆಯಲ್ಲಿ. ಒಳಕ್ಕೆ ಹೋಗುವಾಗ ಹಲಗೆಯ ಮೂತಿ ಅಲೆಗೆ ಎದುರಾಗಿರಬೇಕು. ಅಡ್ಡವಾದರೆ ಅಲೆ ಉರುಳಿಸುತ್ತದೆ. ತಕ್ಕ ತೆರೆ ದೂರದಲ್ಲಿ ಕಂಡಾಗ ದಡದ ಕಡೆಗೆ ತಿರುಗಿ ಬಿರುಸಾಗಿ ಹುಟ್ಟು ಹಾಕಬೇಕು. ಹಿಂಬದಿಯನ್ನು ಅಲೆ ಎತ್ತಿದ ಕೂಡಲೆ ಒಂದು ಕಾಲನ್ನು ಹಿಂದಕ್ಕೆ ಸರಿಸಬೇಕು. ಇಲ್ಲವಾದರೆ ಮೂತಿ ನೀರಿನಲ್ಲಿ ಹೂತುಹೋಗುತ್ತದೆ. ಬೀಳುವುದು ಖಂಡಿತ. ಬೀಳುವಾಗ ಹಲಗೆಯಿಂದ ದೂರಕ್ಕೆ, ಮೈಯನ್ನು ಚಪ್ಪಟೆಯಾಗಿಸಿ ಬೀಳಬೇಕು. ತಲೆ ಕೆಳಗಾಗಿ ಧುಮುಕಬಾರದು. ಮೇಲೇಳುವಾಗ ಕೈಗಳಿಂದ ತಲೆಯನ್ನು ಮರೆಮಾಡಿಕೊಳ್ಳಬೇಕು.

ಹಲಗೆಯನ್ನು ಕಾಲಿಗೆ ಕಟ್ಟುವ ಹಗ್ಗದ ವಿಷಯದಲ್ಲಿಯೂ ವಿವೇಕ ಬೇಕು. ಕಡಲಿನಲ್ಲಿ ಅದು ಕಾಲಿಗಿರುವುದು ಸರಿ. ಹರಿಯುವ ಹೊಳೆಯಲ್ಲಿ ಅದೇ ಹಗ್ಗ ಬೇರಿಗೋ ಗೂಟಕ್ಕೋ ಸಿಕ್ಕಿದರೆ ಸೆಳೆತ ಮನುಷ್ಯನನ್ನು ನೀರಿನಡಿಗೆ ಎಳೆಯುತ್ತದೆ. ಅಲ್ಲಿ ಒಂದೇ ಸೆಳೆತಕ್ಕೆ ಕಳಚುವ ಸೊಂಟದ ಕಟ್ಟು ಬೇಕು. ಗಾಳಿಯೂ ಅಷ್ಟೆ. ಬೆಳಗಿನ ಹೊತ್ತು ನೆಲದ ಕಡೆಯಿಂದ ಬೀಸುವ ಗಾಳಿ ನೀರನ್ನು ನಯವಾಗಿಸುತ್ತದೆ, ಆದರೆ ನಿಂತ ಮೈಯನ್ನು ಹಾಯಿಯಂತೆ ಕಡಲಿನತ್ತ ನೂಕುತ್ತದೆ. ಗಾಳಿ ಬಲವಾದರೆ ಕೂಡಲೆ ಮಂಡಿಯೂರಿ ದಡ ಸೇರಬೇಕು. ಹಿಂದಕ್ಕೆಳೆಯುವ ಸೆಳವಿಗೆ ಸಿಕ್ಕಿದರೆ ಅದರೊಡನೆ ಸೆಣಸದೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಮಳೆಗಾಲದ ಕಡಲು ಹೊಸಬರದಲ್ಲ. ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರವು ಹೊರಡಿಸುವ ಅಲೆಯ ಮುನ್ಸೂಚನೆ ಬೆಸ್ತರಿಗೆ ಹೇಗೋ ಇವರಿಗೂ ಹಾಗೆಯೇ ಮಾನ್ಯ.

ಕೊನೆಯದೊಂದು ಮಾತು. ನಿಂತವನಿಗೆ ಅಲೆ ಬೇಗ ಕಾಣುತ್ತದೆ. ಹುಟ್ಟಿನ ಬಲದಿಂದ ಉಳಿದವರಿಗಿಂತ ಮೊದಲೇ ಅದು ದಕ್ಕುತ್ತದೆ. ಚಿಕ್ಕ ಹಲಗೆಯ ಮೇಲೆ ಮಲಗಿ ಕಾದಿರುವವರಿಗೆ ಒಂದನ್ನೂ ಬಿಡದೆ ಎಲ್ಲ ಅಲೆಗಳನ್ನೂ ಅವನೇ ದೋಚಬಲ್ಲ. ಅಲ್ಲದೆ 10 ಕಿಲೋ ಆಸುಪಾಸಿನ ಹಲಗೆ ಹಿಡಿತ ತಪ್ಪಿ ಜನರ ನಡುವೆ ನುಗ್ಗಿದರೆ ತಲೆ ಒಡೆದೀತು. ಅಲೆಯ ಒಡೆಯುವ ತುದಿಗೆ ಯಾರು ಹತ್ತಿರವೋ ಆ ಅಲೆ ಅವರದು ಎಂಬುದು ಎಲ್ಲೆಡೆಯ ಕಡಲಿಗರು ಒಪ್ಪಿದ ನೇಮ. ನಿಂತು ಅಲೆಯೇರುವವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನಗೆ ದಕ್ಕುವ ಕೆಲವು ಅಲೆಗಳನ್ನು ಇತರರಿಗೆ ಬಿಟ್ಟುಕೊಡಬೇಕು. ಈಜು ಬಲ್ಲ ಮಕ್ಕಳಿಗೆ, ಒಳ್ಳೆಯ ಗುರು ದೊರೆತರೆ, ಧಾರಾಳವಾಗಿ ಅನುಮತಿ ಕೊಡಿ. ಮನೆಗೆ ಬಂದಾಗ ಎಷ್ಟು ಅಲೆ ಹಿಡಿದೆಯೆಂದು ಕೇಳುವುದರ ಜೊತೆಗೆ, ಎಷ್ಟು ಬಿಟ್ಟುಕೊಟ್ಟೆಯೆಂದೂ ಕೇಳಿ.