ಹಿತ್ತಿಲ ಗುಂಡಿಯೂ ಗೃಹಸ್ಥನ ಹೊಣೆಯೂ

ಮನೆ ಕಟ್ಟಿಸುವ ಗೃಹಸ್ಥನು ದೇವರ ಮನೆಯ ಬಾಗಿಲು ಯಾವ ದಿಕ್ಕಿಗಿರಬೇಕೆಂಬುದನ್ನು ಕುರಿತು ಮೂವರು ಜೋಯಿಸರನ್ನು ವಿಚಾರಿಸುತ್ತಾನೆ. ತಲೆಬಾಗಿಲಿಗೆ ಸಾಗುವಾನಿಯೋ ಹಲಸೋ ಎಂದು ವಾರಗಟ್ಟಲೆ ಚರ್ಚೆ ನಡೆಸುತ್ತಾನೆ. ಆದರೆ ಹಿತ್ತಿಲಲ್ಲಿ ತೋಡತಕ್ಕ ಶೌಚಗುಂಡಿಯ ಮಾತು ಬಂದೊಡನೆ, "ಅದನ್ನು ಮೇಸ್ತ್ರಿ ನೋಡಿಕೊಳ್ಳುತ್ತಾನೆ" ಎಂದು ಮುಖ ತಿರುಗಿಸುತ್ತಾನೆ. ಮೇಸ್ತ್ರಿಯೂ ತನಗೆ ತಿಳಿದಂತೆ ನೋಡಿಕೊಳ್ಳುತ್ತಾನೆ. ಚಪ್ಪಡಿ ಮುಚ್ಚಿ, ಕೂಲಿ ಪಡೆದು, ಹೊರಟುಹೋಗುತ್ತಾನೆ. ಅಂದಿನಿಂದ ಆ ಗುಂಡಿಯು ಮನೆಯಲ್ಲಿ ಯಾರ ವಶಕ್ಕೂ ಸೇರದ ವಸ್ತುವಾಗಿಬಿಡುತ್ತದೆ.

ಇದನ್ನು ನಾವು ಅನ್ಯರ ಮೇಲಿನ ದೂರಾಗಿ ಬರೆಯುತ್ತಿಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಕಾರ್ಯಾಲಯದ ಶೌಚಾಲಯದಲ್ಲಿಯೇ ನೀರು ಇಳಿಯದೆ ಗುಳುಗುಳು ಸದ್ದು ಮಾಡತೊಡಗಿತು. ಎರಡು ದಿನಗಳಲ್ಲಿ ಹಿತ್ತಿಲು ತುಂಬ ದುರ್ವಾಸನೆ. ಗುಂಡಿಯ ಬಾಯಿ ಎಲ್ಲಿದೆಯೆಂದು ವಿಚಾರಿಸಿದರೆ ಬಲ್ಲವರೊಬ್ಬರೂ ಇರಲಿಲ್ಲ. ಹನ್ನೊಂದು ವರ್ಷಗಳ ಹಿಂದೆ ನಾವೇ ನಿಂತು ಹಿತ್ತಿಲಿಗೆ ಹಾಸುಗಲ್ಲು ಹಾಕಿಸಿದಾಗ ಅದೂ ಕಲ್ಲಿನ ಅಡಿ ಸೇರಿಹೋಗಿತ್ತು. ಕಲ್ಲು ಕೀಳಿಸಿ ಬಾಯಿ ಪತ್ತೆಮಾಡಿ, ಒಬ್ಬ ಗುತ್ತಿಗೆದಾರನಿಗೆ ಹೇಳಿ ಕಳುಹಿಸಿದೆವು. ಅವನು ಇಬ್ಬರು ಹುಡುಗರು, ಒಂದು ಹಗ್ಗ, ಎರಡು ಬಕೆಟ್ಟುಗಳು ಮತ್ತು ಒಂದು ಮದ್ಯದ ಸೀಸೆಯೊಂದಿಗೆ ಬಂದನು. "ಸ್ವಾಮಿ, ಲಾರಿ ಈ ಓಣಿಗೆ ಬರೋದಿಲ್ಲ. ಹುಡುಗರು ಇಳಿದು ಒಂದು ಗಂಟೆಯಲ್ಲಿ ಮುಗಿಸಿಬಿಡ್ತಾರೆ. ತಾವು ಒಳಗೆ ಹೋಗಿ ಕಾಫಿ ಕುಡೀರಿ" ಎಂದನು. ಹೇಳಲು ನಾಚಿಕೆಯಾಗುತ್ತದೆ, ನಾವು ಒಳಗೆ ಹೋದೆವು. ಆಗ ನಮ್ಮ ಹಳೆಯ ಗುಮಾಸ್ತರು ಮೇಜಿನ ಬಳಿ ಬಂದು ನಿಂತು, "ರಾಯರೇ, ಹೋದ ವರ್ಷ ಇಂಥದೇ ಗುಂಡಿಯಲ್ಲಿ ಇಳಿದು ಸತ್ತವರ ಸುದ್ದಿಯನ್ನು ನಾವೇ ಅಚ್ಚು ಹಾಕಿದೆವಲ್ಲ. ಕರಡು ತಿದ್ದಿದವರು ತಾವೇ" ಎಂದರು.

ಹುಡುಗರನ್ನು ಇಳಿಸಲಿಲ್ಲ. ಮರುದಿನ ನೂರಡಿಗೂ ಮೀರಿದ ಕೊಳವೆಯುಳ್ಳ ಹೀರುಯಂತ್ರದ ಲಾರಿಯೊಂದು ದೊಡ್ಡ ಬೀದಿಯಲ್ಲಿಯೇ ನಿಂತು, ನೆರೆಮನೆಯವರ ಅಂಗಳದ ಮೂಲಕ ಕೊಳವೆ ಎಳೆದು, ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸಿತು. ಗುತ್ತಿಗೆದಾರನು ಕೇಳಿದ್ದಕ್ಕಿಂತ ಒಂದೂವರೆ ಪಟ್ಟು ಹಣ ಖರ್ಚಾಯಿತು. ಉಳಿಸಲು ಹೊರಟಿದ್ದುದು ಅಷ್ಟನ್ನು ಮಾತ್ರ.

ಆ ಬಳಿಕ ಈ ವಿಷಯವನ್ನು ಓದಿ, ಕೇಳಿ, ತಿಳಿದುಕೊಂಡೆವು. ಒಳಚರಂಡಿಯ ಸೌಕರ್ಯವಿಲ್ಲದ ನಮ್ಮ ಊರುಗಳಲ್ಲಿ ಈ ತಿಳಿವಳಿಕೆಯು ಪ್ರತಿಯೊಬ್ಬ ಮನೆಯ ಯಜಮಾನನಿಗೂ ಅವಶ್ಯವೆಂದು ಭಾವಿಸಿ ವಾಚಕರ ಮುಂದಿಡುತ್ತಿದ್ದೇವೆ.

ಸೆಪ್ಟಿಕ್ ಟ್ಯಾಂಕೆಂಬುದು ಕೇವಲ ಗುಂಡಿಯಲ್ಲ. 1860ರ ಸುಮಾರಿನಲ್ಲಿ ಫ್ರಾನ್ಸ್ ದೇಶದ ಮೂರಾ ಎಂಬಾತನು ತನ್ನ ಮನೆಯ ಮಲಗುಂಡಿಗೆ ಗಾಳಿಯಾಡದಂತೆ ನೀರಿನ ತಡೆಯಿಟ್ಟು ಇದರ ಮೊದಲ ರೂಪವನ್ನು ನಿರ್ಮಿಸಿದನು. 1895ರಲ್ಲಿ ಇಂಗ್ಲೆಂಡಿನ ಎಕ್ಸಿಟರ್ ನಗರದ ಸರ್ವೇಯರನಾಗಿದ್ದ ಡೊನಾಲ್ಡ್ ಕ್ಯಾಮರನ್ ಎಂಬಾತನು ಅದನ್ನು ಪರಿಷ್ಕರಿಸಿ ಈಗಿನ ಹೆಸರನ್ನು ಕೊಟ್ಟನು. ಕೊಳೆಯಿಸುವ ತೊಟ್ಟಿ ಎಂಬುದೇ ಆ ಹೆಸರಿನ ಅರ್ಥ. ಶೌಚಾಲಯದಿಂದ ಬಂದ ನೀರು ಅದರಲ್ಲಿ ಒಂದೆರಡು ದಿನ ಅಲುಗದೆ ನಿಂತಾಗ ಭಾರವಾದುದು ತಳಕ್ಕಿಳಿದು ಹೂಳಾಗುತ್ತದೆ, ಹಗುರವಾದುದು ಹಾಲಿನ ಮೇಲಿನ ಕೆನೆಯಂತೆ ತೇಲುತ್ತದೆ, ನಡುವೆ ನೀರು ಉಳಿಯುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಹೂಳನ್ನು ತಿಂದು ಕರಗಿಸುತ್ತವೆ. ನಡುವಣ ನೀರು ಮಾತ್ರ ಹೊರಬಿದ್ದು ಇಂಗುಗುಂಡಿಯ ಮೂಲಕ ನೆಲಕ್ಕೆ ಸೇರಬೇಕು.

ಆದರೆ ಆ ಜೀವಿಗಳು ಎಲ್ಲವನ್ನೂ ತಿಂದು ಮುಗಿಸಲಾರವು. ಕರಗದ ಭಾಗವು ವರ್ಷದಿಂದ ವರ್ಷಕ್ಕೆ ತಳದಲ್ಲಿ ಏರುತ್ತಲೇ ಇರುತ್ತದೆ. ಭಾರತೀಯ ಮಾನಕ ಸಂಸ್ಥೆಯು ಸೆಪ್ಟಿಕ್ ಟ್ಯಾಂಕುಗಳಿಗೆ ವಿಧಿಸಿರುವ ಮಾನಕದಲ್ಲಿ ಐದು ಜನರ ಮನೆಗೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, 1 ಮೀಟರ್ ನೀರಿನ ಆಳವೆಂದು ಹೇಳಿದೆ. ಈ ಅಳತೆಯ ಪಕ್ಕದಲ್ಲಿಯೇ ಇನ್ನೊಂದು ಸಂಗತಿಯಿದ್ದು, ಮೇಸ್ತ್ರಿಗಳು ಅದನ್ನು ಯಜಮಾನನಿಗೆ ತಿಳಿಸುವುದೇ ಇಲ್ಲ: ಎರಡು ವರ್ಷಕ್ಕೊಮ್ಮೆ ಹೂಳು ತೆಗೆಯುವುದಾದರೆ ಮಾತ್ರ ಈ ಆಳ ಸಾಕು. ಅಂದರೆ ಹೂಳು ತೆಗೆಯುವುದು ಟ್ಯಾಂಕು ಕೆಟ್ಟಾಗ ಮಾಡುವ ದುರಸ್ತಿಯಲ್ಲ; ಟ್ಯಾಂಕಿನ ಅಳತೆಯನ್ನು ಗೊತ್ತುಮಾಡಿರುವುದೇ ಆ ಕಟ್ಟಳೆಯ ಮೇಲೆ.

ಹೀಗಿರುವಾಗ, "ನಮ್ಮ ಮನೆಯ ಟ್ಯಾಂಕನ್ನು ಹದಿನೈದು ವರ್ಷಗಳಿಂದ ತೆರೆದೇ ಇಲ್ಲ, ಅಷ್ಟು ಗಟ್ಟಿ ಕೆಲಸ" ಎಂದು ಹೆಮ್ಮೆಪಡುವ ಮಹನೀಯರನ್ನು ನಾವು ಬಲ್ಲೆವು. ಟ್ಯಾಂಕಿನ ತಳವು ಸೋರುತ್ತಿರಬೇಕು. ಇಲ್ಲವೆ ಹೂಳು ತುಂಬಿ, ಮಲವು ಬಂದಂತೆಯೇ ಹೊರಗೆ ಹರಿಯುತ್ತಿರಬೇಕು. ಮೊದಲನೆಯದಾದರೆ ಅದು ಸೇರುವುದು ನೆರೆಯವನ ಬಾವಿಗೆ. ಎರಡನೆಯದಾದರೆ ಬೀದಿಯ ಚರಂಡಿಗೆ. ಇಂಗುಗುಂಡಿಯೇ ಇಲ್ಲದೆ ಟ್ಯಾಂಕಿನ ಹೊರಗೊಳವೆಯನ್ನು ನೇರವಾಗಿ ಚರಂಡಿಗೆ ಬಿಟ್ಟಿರುವ ಮನೆಗಳು ಯಾವ ಊರಿನಲ್ಲಿಲ್ಲ? ಟ್ಯಾಂಕಿನಿಂದ ಹೊರಬಿದ್ದ ನೀರು ನೋಡಲು ತಿಳಿಯಾಗಿದ್ದರೂ ರೋಗಾಣುಗಳಿಂದ ಕೂಡಿಯೇ ಇರುತ್ತದೆ. ಅದು ಇಂಗುವ ಸ್ಥಳವು ಕುಡಿಯುವ ನೀರಿನ ಬಾವಿಯಿಂದ ಕಡೆಯಪಕ್ಷ 18 ಮೀಟರ್ ದೂರವಿರಬೇಕೆಂದು ಅದೇ ಮಾನಕವು ಹೇಳುತ್ತದೆ. ಹಿತ್ತಿಲಿಗೊಂದು ಬಾವಿಯಿರುವ ನಮ್ಮ ಕರಾವಳಿಯ ಕಡೆ, ಹತ್ತು ಸೆಂಟ್ಸ್ ನಿವೇಶನದಲ್ಲಿ ಈ ಅಂತರವನ್ನು ನಿಜವಾಗಿ ಅಳೆದು ನೋಡಿದವರು ಎಷ್ಟು ಮಂದಿ?

ಯಜಮಾನನು ಮಾಡಬೇಕಾದುದು ಕಷ್ಟದ ಕೆಲಸವೇನಲ್ಲ. ವರ್ಷಕ್ಕೊಮ್ಮೆ ಹೂಳಿನ ಎತ್ತರವನ್ನು ಅಳೆಯಬೇಕು. ಉದ್ದನೆಯ ಗಳುವಿನ ತುದಿಗೆ ಒಂದು ಮೀಟರಿನಷ್ಟು ಬಿಳಿಯ ಬಟ್ಟೆ ಸುತ್ತಿ, ಹೊರಗೆ ನಿಂತುಕೊಂಡೇ ತಳ ಮುಟ್ಟುವಂತೆ ಇಳಿಸಿ, ಕೆಲವು ನಿಮಿಷ ಬಿಟ್ಟು ಮೆಲ್ಲಗೆ ಎತ್ತಿದರೆ, ಹೂಳಿದ್ದಷ್ಟು ಎತ್ತರಕ್ಕೆ ಬಟ್ಟೆಯ ಮೇಲೆ ಕಪ್ಪು ಕಣಗಳು ಹತ್ತಿರುತ್ತವೆ. ಹೂಳು ಮತ್ತು ಕೆನೆ ಸೇರಿ ನೀರಿನ ಆಳದ ಮೂರನೆಯ ಒಂದು ಭಾಗವನ್ನು ಮೀರಿದ್ದರೆ ಲಾರಿಯನ್ನು ಕರೆಯಿಸಬೇಕು. ಅಳೆಯುವಾಗ ಬಾಯಿಯ ಮೇಲೆ ಬಗ್ಗಿ ಇಣುಕಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು, ಬೀಡಿ ಸಿಗರೇಟುಗಳ ಮಾತಂತೂ ಇರಲೇಬಾರದು. ಹಳೆಯ ಬಾವಿಗೆ ಇಳಿಯುವ ಮುಂಚೆ ಲಾಂದ್ರವನ್ನು ಇಳಿಬಿಟ್ಟು, ಅದು ಆರಿದರೆ ಒಳಗೆ ಕೆಟ್ಟ ಗಾಳಿಯಿದೆಯೆಂದು ತಿಳಿಯುವ ಪದ್ಧತಿಯನ್ನು ನಮ್ಮ ಹಿರಿಯರಿಂದ ಕೇಳಿದ್ದೇವೆ. ಆ ಯುಕ್ತಿಯನ್ನು ಇಲ್ಲಿ ಪ್ರಯೋಗಿಸಿದರೆ ಟ್ಯಾಂಕಿನಲ್ಲಿ ಹುಟ್ಟುವ ಮೀಥೇನ್ ಅನಿಲವು ದೀಪಕ್ಕೆ ಹೊತ್ತಿಕೊಂಡು ಸಿಡಿಯಬಹುದು.

ಟ್ಯಾಂಕಿಗೆ ಹಾಕಬಾರದ ವಸ್ತುಗಳ ಪಟ್ಟಿಯನ್ನು ಯಾರೂ ಊಹಿಸಿಕೊಳ್ಳಬಹುದು: ಬಟ್ಟೆ, ಪ್ಲಾಸ್ಟಿಕ್ಕು, ಕರಿದ ಎಣ್ಣೆ. ವಾರವಾರ ಆಸಿಡ್ಡು ಫಿನಾಯಿಲುಗಳನ್ನು ಧಾರಾಳವಾಗಿ ಸುರಿಯುವವರು ಒಳಗೆ ದುಡಿಯುತ್ತಿರುವ ಸೂಕ್ಷ್ಮಜೀವಿಗಳನ್ನು ತಾವೇ ಕೊಲ್ಲುತ್ತಾರೆಂಬುದನ್ನು ಮಾತ್ರ ಹೇಳಬೇಕು. ಸಗಣಿ, ಬೆಲ್ಲ, ಅಂಗಡಿಯಲ್ಲಿ ಮಾರುವ ಪುಡಿ ಇವುಗಳಿಂದ ಹೂಳು ತೆಗೆಯುವ ಕೆಲಸ ತಪ್ಪುವುದಿಲ್ಲ. ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ಬಿಡುತ್ತಿದ್ದ ನಮ್ಮ ಹೆಂಗಸರ ಪದ್ಧತಿಯೇ ಸರಿಯಾದುದು. ಆ ನೀರೆಲ್ಲ ಟ್ಯಾಂಕಿಗೆ ನುಗ್ಗಿದರೆ ಹೂಳು ತಂಗಲು ಅವಕಾಶವಾಗದು. ಮಳೆಯ ನೀರೂ ಅಷ್ಟೆ. ಇನ್ನು, ಹೂಳು ತೆಗೆಯಿಸಿದ ಮೇಲೆ ಟ್ಯಾಂಕನ್ನು ತೊಳೆದು ಥಳಥಳಿಸಬೇಕಾಗಿಲ್ಲ. ತಳದಲ್ಲಿ ಸ್ವಲ್ಪ ಹೂಳು ಉಳಿದಿದ್ದರೆ ಜೀವಿಗಳು ಬೇಗ ಮತ್ತೆ ಬೆಳೆಯುತ್ತವೆ. ಅಂತರ್ಜಲವು ಮೇಲೆ ಬಂದಿರುವ ಮಳೆಗಾಲದಲ್ಲಿ ಬರಿದಾದ ಟ್ಯಾಂಕನ್ನು ಹಾಗೆಯೇ ಬಿಟ್ಟರೆ ಸುತ್ತಣ ನೀರು ಅದನ್ನು ಮೇಲಕ್ಕೆತ್ತುವ ಸಂಭವವೂ ಇದೆ. ಕೂಡಲೆ ನೀರು ತುಂಬಿಸಬೇಕು.

ಮುಖ್ಯವಾದ ಮಾತಿಗೆ ಬರುತ್ತೇವೆ. ಈ ಟ್ಯಾಂಕುಗಳೊಳಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವಿರುತ್ತದೆ. ಅಲ್ಪ ಪ್ರಮಾಣದಲ್ಲಿದ್ದಾಗ ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದು 100 ಪಾಲಿನಷ್ಟಾದರೆ ಮೂಗಿನ ಶಕ್ತಿಯೇ ಉಡುಗಿ ವಾಸನೆ ತಿಳಿಯದಂತಾಗುತ್ತದೆ. ಇಳಿದವನು ನಾತ ಹೋಯಿತೆಂದೂ ಅಪಾಯ ಕಳೆಯಿತೆಂದೂ ಭ್ರಮಿಸುತ್ತಾನೆ. 700ನ್ನು ಮೀರಿದರೆ ಕೆಲವೇ ಉಸಿರುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಇದು ಗಾಳಿಗಿಂತ ಭಾರವಾದುದರಿಂದ ಮುಚ್ಚಳವನ್ನು ಒಂದು ದಿನ ತೆರೆದಿಟ್ಟ ಮಾತ್ರಕ್ಕೆ ಹೋಗಿಬಿಡುವುದಿಲ್ಲ. ಹೂಳಿನಲ್ಲಿ ಅಡಗಿರುವ ಅನಿಲವು ಸಲಿಕೆ ತಾಗಿದೊಡನೆ ಮೇಲೇಳುತ್ತದೆ. ಮೊದಲನೆಯವನು ಕುಸಿದಾಗ ಅವನನ್ನೆತ್ತಲು ಎರಡನೆಯವನು ಧುಮುಕುತ್ತಾನೆ, ಎರಡನೆಯವನಿಗಾಗಿ ಮೂರನೆಯವನು. ಇಂತಹ ಸುದ್ದಿಗಳಲ್ಲಿ ಸತ್ತವರು ಅಣ್ಣತಮ್ಮಂದಿರೋ ತಂದೆಮಕ್ಕಳೋ ಆಗಿರುವುದು ಇದರಿಂದಲೇ. ಇನ್ನೂ ಬಳಕೆಗೆ ಬಾರದ ಹೊಸ ಟ್ಯಾಂಕಿನ ಸೆಂಟ್ರಿಂಗ್ ಹಲಗೆ ಬಿಚ್ಚಲು ಇಳಿದವರು ಕೂಡ ಸತ್ತಿದ್ದಾರೆ. ಮುಚ್ಚಿದ ಜಾಗದಲ್ಲಿ ಒದ್ದೆಮರವು ಕೊಳೆತು ಒಳಗಿನ ಪ್ರಾಣವಾಯುವನ್ನೇ ಮುಗಿಸಿರುತ್ತದೆ.

ಇಳಿಯುವವರು ಯಾರೆಂಬುದನ್ನು ಬಾಯಿಬಿಟ್ಟು ಹೇಳಬೇಕೆ? ಯಾವ ಜಾತಿಯವರ ಮೇಲೆ ಈ ಕೆಲಸವನ್ನು ತಲೆಮಾರುಗಳಿಂದ ಹೊರಿಸಿದ್ದೇವೆಯೋ ಅವರೇ. 1901ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಪ್ರತಿನಿಧಿಗಳ ಶೌಚಾಲಯಗಳು ನಾರುತ್ತಿದ್ದಾಗ, ಅದು ಭಂಗಿಯ ಕೆಲಸವೆಂದು ಸ್ವಯಂಸೇವಕರು ಹೇಳಲು, ಗಾಂಧಿಯವರು ತಾವೇ ಪೊರಕೆ ಹಿಡಿದರು. ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಆದರೂ 2010ರ ಜುಲೈ ತಿಂಗಳಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಇದ್ದ ನೆಲೆಯಿಂದ ಎಬ್ಬಿಸಲ್ಪಡುವ ಭಯದಲ್ಲಿದ್ದ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಈ ಪದ್ಧತಿಯ ವಿರುದ್ಧ ದೇಶವ್ಯಾಪಿಯಾಗಿ ಹೋರಾಡಿ 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯನ್ನು ಪಡೆದ ಬೆಜವಾಡ ವಿಲ್ಸನ್ನರು ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿಯೇ ಹುಟ್ಟಿದವರು.

ಕಾಯಿದೆಯನ್ನು ಗೃಹಸ್ಥರು ಓದಿಲ್ಲವೆಂಬುದು ನಮ್ಮ ಊಹೆ, ನಾವೂ ಓದಿರಲಿಲ್ಲ. 2013ರ ಕೇಂದ್ರ ಕಾಯಿದೆಯ 7ನೆಯ ಪ್ರಕರಣವು, ರಕ್ಷಣಾ ಸಾಧನಗಳನ್ನೊದಗಿಸದೆ ಮನುಷ್ಯರಿಂದ ಸೆಪ್ಟಿಕ್ ಟ್ಯಾಂಕನ್ನು ಶುದ್ಧಿಮಾಡಿಸುವ ಅಪಾಯದ ಕೆಲಸಕ್ಕೆ ಯಾವ ವ್ಯಕ್ತಿಯಾಗಲಿ ಸ್ಥಳೀಯ ಸಂಸ್ಥೆಯಾಗಲಿ ನೇರವಾಗಿಯೋ ಪರೋಕ್ಷವಾಗಿಯೋ ಯಾರನ್ನೂ ನೇಮಿಸಕೂಡದೆಂದು ವಿಧಿಸಿದೆ. ಮೊದಲ ತಪ್ಪಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಅಪರಾಧವು ಜಾಮೀನಿಗೆ ಒಳಪಟ್ಟುದಲ್ಲ. "ಯಾವ ವ್ಯಕ್ತಿಯಾಗಲಿ" ಎಂಬ ಮಾತಿನಲ್ಲಿ ಮನೆಯ ಯಜಮಾನನೂ ಸೇರುತ್ತಾನೆ, ಪತ್ರಿಕೆಯ ಸಂಪಾದಕನೂ ಸೇರುತ್ತಾನೆ. ಗುತ್ತಿಗೆದಾರನ ಹಿಂದೆ ಅಡಗಿ ಕಾಫಿ ಕುಡಿಯುವುದು ಪರೋಕ್ಷವೆನಿಸುವುದೇ ಹೊರತು ನಿರ್ದೋಷವೆನಿಸಲಾರದು. ಸತ್ತವರ ಕುಟುಂಬಗಳಿಗೆ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ 10 ಲಕ್ಷ ರೂಪಾಯಿಗಳ ಪರಿಹಾರವನ್ನು ಗೊತ್ತುಮಾಡಿತ್ತು; 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಪುರಸಭೆಗಳ ಅಧಿಕಾರಿಗಳಿಗೂ ನಾವು ಒಂದೆರಡು ಮಾತು ಹೇಳಬೇಕಾಗಿದೆ. ಲಾರಿಯು ಹೀರಿಕೊಂಡು ಹೋದ ಹೂಳು ಎಲ್ಲಿಗೆ ಹೋಗುತ್ತದೆ? ರಾತ್ರಿಯ ಹೊತ್ತಿನಲ್ಲಿ ಅದನ್ನು ಕೆರೆಯಂಗಳಕ್ಕೋ ರಾಜಕಾಲುವೆಗೋ ಸುರಿದುಬಂದರೆ ನಾವು ಹಿತ್ತಿಲನ್ನು ಶುದ್ಧಿಮಾಡಿ ಊರನ್ನು ಕೆಡಿಸಿದಂತಾಯಿತು. ಹಸಿಯ ಹೂಳನ್ನು ಹೊಲಕ್ಕೆ ಹಾಕಿಸಿಕೊಳ್ಳುವ ರೈತರೂ ಉಂಟು. ಗೊಬ್ಬರದ ಗುಣ ಅದರಲ್ಲಿರುವುದು ನಿಜ, ಜಂತುಹುಳಗಳ ಮೊಟ್ಟೆಗಳೂ ಇರುತ್ತವೆ. ಬೆಂಗಳೂರಿನ ಹತ್ತಿರದ ದೇವನಹಳ್ಳಿಯಲ್ಲಿ 2015ರಲ್ಲಿಯೇ ಈ ಹೂಳನ್ನು ಶುದ್ಧೀಕರಿಸಿ ಒಣಗಿಸುವ ಘಟಕವು ಆರಂಭವಾಯಿತು. ಒಣಗಿದ ಹೂಳನ್ನು ಊರಿನ ಹಸಿಕಸದೊಡನೆ ಕಳಿಸಿ ಗೊಬ್ಬರ ಮಾಡುವ ಏರ್ಪಾಡು ಅಲ್ಲಿಯದು. ಒಳಚರಂಡಿಗೆ ಬೇಕಾಗುವ ಕೋಟ್ಯಂತರ ಹಣ ಬರುವವರೆಗೆ ಕೈಕಟ್ಟಿ ಕುಳಿತಿರುವ ಪುರಸಭೆಗಳ ಸದಸ್ಯರು ಒಮ್ಮೆ ಅಲ್ಲಿಗೆ ಹೋಗಿ ನೋಡಿ ಬರಲಿ. ಮನೆಗಂದಾಯದ ಪುಸ್ತಕದಲ್ಲಿ ಕೋಣೆಗಳ ಲೆಕ್ಕವಿದೆ, ಚದರದ ಲೆಕ್ಕವಿದೆ. ಟ್ಯಾಂಕಿದೆಯೆ, ಕಡೆಯ ಸಲ ಹೂಳು ತೆಗೆದುದು ಯಾವಾಗ ಎಂಬ ಎರಡು ಅಂಕಣಗಳನ್ನು ಸೇರಿಸಿ, ಸರದಿಯ ಮೇಲೆ ಲಾರಿ ಕಳುಹಿಸುವುದಕ್ಕೆ ಯಾವ ದೊಡ್ಡ ಯೋಜನೆಯೂ ಬೇಕಾಗಿಲ್ಲ. ಲಾರಿ ಹೋಗದ ಓಣಿಗಳಿಗೆ ಉದ್ದನೆಯ ಕೊಳವೆಗಳನ್ನು ಪುರಸಭೆಯೇ ಇಟ್ಟುಕೊಂಡಿರಬೇಕು. "ಓಣಿಗೆ ಲಾರಿ ಬರೋದಿಲ್ಲ" ಎಂಬ ಮಾತಿನಿಂದಲೇ ಹುಡುಗರ ಕೈಗೆ ಹಗ್ಗ ಬರುತ್ತದೆ.

ನಮ್ಮ ಹಿತ್ತಿಲ ಹಾಸುಗಲ್ಲುಗಳಲ್ಲಿ ಎರಡನ್ನು ಮತ್ತೆ ಹಾಕಿಸಲಿಲ್ಲ. ಅಲ್ಲಿ ಹಿಡಿಯುಳ್ಳ ಕಾಂಕ್ರೀಟು ಮುಚ್ಚಳ ಕಾಣುತ್ತಿದೆ. ನೋಡಲು ಚೆನ್ನಾಗಿಲ್ಲವೆಂದು ಬಂದವರು ಹೇಳುತ್ತಾರೆ. ಹೂಳು ತೆಗೆಸಿದ ತಾರೀಖನ್ನು ಗುಮಾಸ್ತರು ವಿದ್ಯುತ್ ಮೀಟರಿನ ಪಕ್ಕದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಯಿಸಿದ್ದಾರೆ. ಬಿಳಿಯ ಬಟ್ಟೆ ಸುತ್ತಿದ ಗಳು ಹಿತ್ತಿಲ ಮೂಲೆಯಲ್ಲಿ ನಿಂತಿದೆ. ಯುಗಾದಿ ಕಳೆದ ಮೇಲೆ ನಾವೇ ಅಳೆಯುವುದೆಂದು ಗೊತ್ತಾಗಿದೆ.